ಮೈಲಿಗೆ ಕೇಳದ ನೀರು: ಕುಮಾನೊ ಕಾಡುದಾರಿಯ ಗುಡಿಗಳು, ಬಿಸಿನೀರ ಬುಗ್ಗೆಗಳು

ಜಪಾನಿನ ಮುಖ್ಯ ದ್ವೀಪವಾದ ಹೊನ್ಶೂವಿನಿಂದ ಪೆಸಿಫಿಕ್ ಸಾಗರದೊಳಕ್ಕೆ ದಕ್ಷಿಣಾಭಿಮುಖವಾಗಿ ಚಾಚಿಕೊಂಡಿರುವ ಕೀ ಪರ್ಯಾಯ ದ್ವೀಪದಲ್ಲಿ ಬಯಲು ಕಡಿಮೆ, ಬೆಟ್ಟವೇ ಹೆಚ್ಚು. ಸಾಗರದ ಮೇಲಿಂದ ಬರುವ ತೇವದ ಗಾಳಿ ಈ ಬೆಟ್ಟಗಳಿಗೆ ತಾಗಿ ಮಳೆಯಾಗಿ ಸುರಿಯುತ್ತದೆ. ಪೂರ್ವ ಕರಾವಳಿಯ ಒವಾಸೆ ಎಂಬ ಊರಿನ ವಾರ್ಷಿಕ ಸರಾಸರಿ ಮಳೆ 3,900 ಮಿಲಿಮೀಟರ್ ದಾಟುತ್ತದೆ ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಈ ಮಳೆನಾಡಿನ ದಕ್ಷಿಣ ಭಾಗವೇ ಕುಮಾನೊ. ಹೊಂಗೂ, ಹಾಯಾತಾಮಾ, ನಾಚಿ ಎಂಬ ಮೂರು ಮಹಾಗುಡಿಗಳು, ಅವುಗಳಿಗೆ ಹೋಗುವ ಹಳೆಯ ಕಾಡುದಾರಿಗಳು, ದಾರಿಯ ನಡುವೆ ಯುನೊಮಿನೆ ಎಂಬ ಬಿಸಿನೀರ ಹಳ್ಳಿ, ಒಂದೇ ಜಿಗಿತಕ್ಕೆ 133 ಮೀಟರ್ ಧುಮುಕುವ ಒಂದು ಜಲಪಾತ ಇಲ್ಲಿವೆ. 2004ರಲ್ಲಿ ಯುನೆಸ್ಕೊ ಇವುಗಳನ್ನು ಕೀ ಪರ್ವತಶ್ರೇಣಿಯ ಇತರ ಪವಿತ್ರ ತಾಣಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರವಾಸದ ಕೈಪಿಡಿಗಳು ಗುಡಿಯನ್ನು ಒಂದು ಪುಟದಲ್ಲಿ, ಬಿಸಿನೀರ ಸ್ನಾನವನ್ನು ಇನ್ನೊಂದು ಪುಟದಲ್ಲಿ, ಕಾಡಿನ ನಡಿಗೆಯನ್ನು ಮತ್ತೊಂದು ಪುಟದಲ್ಲಿ ಇಡುತ್ತವೆ. ಅಲ್ಲಿ ನಡೆದು, ಅಲ್ಲಿ ಮಿಂದು, ಆ ಗುಡಿಗಳ ಎದುರು ನಿಂತ ಮೇಲೆ ಆ ವಿಂಗಡಣೆಗೆ ಅರ್ಥವಿಲ್ಲವೆಂದು ನನಗೆ ಮನವರಿಕೆಯಾಯಿತು. ಮೂರನ್ನೂ ಒಟ್ಟಿಗೆ ಹಿಡಿದಿರುವುದು ನೀರು. ಆ ನೀರಿನ ವಿಷಯದಲ್ಲಿ ಕುಮಾನೊ ತಳೆದ ನಿಲುವು ಅಪರೂಪದ್ದು. ಶುದ್ಧರಾಗಿದ್ದವರು ಮಾತ್ರ ಬನ್ನಿ ಎಂದು ಹೇಳುವ ಬದಲು, ಬಂದವರು ಯಾರೇ ಇರಲಿ ಅವರನ್ನು ಶುದ್ಧಿಗೊಳಿಸುವ ಹೊಣೆಯನ್ನು ಈ ಕ್ಷೇತ್ರ ತಾನೇ ಹೊತ್ತುಕೊಂಡಿತ್ತು. ಮಡಿ-ಮೈಲಿಗೆಯ ಲೆಕ್ಕ ಚೆನ್ನಾಗಿ ಗೊತ್ತಿದ್ದ ಮನೆಯಲ್ಲಿ ಬೆಳೆದ ನನಗೆ, ನನಗಿಂತ ಹೆಚ್ಚಾಗಿ ಆ ಲೆಕ್ಕವನ್ನು ಜೀವನವಿಡೀ ಪಾಲಿಸಿದ ನನ್ನ ಅಮ್ಮನಿಗೆ, ಇದು ಸಣ್ಣ ಸಂಗತಿಯಾಗಿರಲಿಲ್ಲ. ಈ ಪ್ರಯಾಣದಲ್ಲಿ ಅವರೂ ನನ್ನ ಜೊತೆಗಿದ್ದರು.

ಒಸಾಕಾದಿಂದ ಕಡಲಂಚಿನಲ್ಲೇ ಸಾಗುವ ರೈಲು ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಸಮಯದಲ್ಲಿ ತಾನಾಬೆ ಪಟ್ಟಣವನ್ನು ಮುಟ್ಟಿಸುತ್ತದೆ. ಅಲ್ಲಿಂದ ಬಸ್ಸು ಒಳನಾಡಿಗೆ ತಿರುಗಿ, ನದಿಯ ಜೊತೆಜೊತೆಗೆ ಏರುತ್ತಾ ತಾಕಿಜಿರಿಗೆ ಬರುತ್ತದೆ. ನಾಕಾಹೆಚಿ ಎಂದು ಕರೆಯುವ ಹಳೆಯ ರಾಜಮಾರ್ಗದಲ್ಲಿ ಬೆಟ್ಟ ಹತ್ತುವ ಭಾಗ ಶುರುವಾಗುವುದು ಇಲ್ಲಿ. ಹೊಂಗೂ ಗುಡಿಗೆ ಇಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್. 907ರಲ್ಲಿ ಪಟ್ಟದಿಂದ ಇಳಿದಿದ್ದ ಚಕ್ರವರ್ತಿ ಉದಾ ಕುಮಾನೊ ಯಾತ್ರೆ ಮಾಡಿದರು. ಮುಂದಿನ ಮೂರು ಶತಮಾನಗಳಲ್ಲಿ ನಿವೃತ್ತ ಚಕ್ರವರ್ತಿಗಳಿಗೆ ಈ ಯಾತ್ರೆ ಒಂದು ವ್ರತವೇ ಆಯಿತು. ಹನ್ನೆರಡನೆಯ ಶತಮಾನದ ಗೊ-ಶಿರಾಕಾವಾ ಮೂವತ್ತಕ್ಕೂ ಹೆಚ್ಚು ಸಲ ಇಲ್ಲಿಗೆ ಬಂದರು. ರಾಜಧಾನಿ ಕ್ಯೋಟೊದಿಂದ ಹೋಗಿ ಬರಲು ಸುಮಾರು ಒಂದು ತಿಂಗಳು ಹಿಡಿಯುತ್ತಿತ್ತು. ಅನಂತರ ಯೋಧರು ಬಂದರು, ರೈತರು ಬಂದರು, ಭಿಕ್ಷುಕರು ಬಂದರು. ಕುಮಾನೊ ಯಾತ್ರಿಕರನ್ನು ಇರುವೆ ಸಾಲಿಗೆ ಹೋಲಿಸುವ ಮಾತು ಜಪಾನಿ ಭಾಷೆಯಲ್ಲಿ ನೆಲೆಯೂರಿತು.

ಹಾಗೆಂದು ಹಳೆಯ ಯಾತ್ರೆ ಸಲೀಸಾಗಿರಲಿಲ್ಲ, ಶುದ್ಧಿಯ ನಿಯಮಗಳು ಇರಲಿಲ್ಲವೆಂದೂ ಅಲ್ಲ. ಹೊರಡುವ ಮುನ್ನ ಉಪವಾಸ, ದಾರಿಯಲ್ಲಿ ನದಿ ಸಿಕ್ಕಲ್ಲಿ ತಣ್ಣೀರ ಸ್ನಾನ, ಓಜಿ ಎಂಬ ಚಿಕ್ಕ ಗುಡಿಗಳಲ್ಲಿ ಪೂಜೆ, ಇವೆಲ್ಲ ಇದ್ದವು. ತಾಕಿಜಿರಿಯಲ್ಲಿ ಎರಡು ಹೊಳೆಗಳು ಸೇರುತ್ತವೆ. ಹಿಂದಿನವರು ಇಲ್ಲಿ ಮಿಂದೇ ಬೆಟ್ಟಕ್ಕೆ ಕಾಲಿಡುತ್ತಿದ್ದರು. 1201ರಲ್ಲಿ ಚಕ್ರವರ್ತಿ ಗೊ-ತೋಬಾ ಅವರ ಪರಿವಾರದಲ್ಲಿ ಬಂದಿದ್ದ ಕವಿ ಫುಜಿವಾರಾ ನೊ ತೇಕಾ ಬರೆದಿಟ್ಟ ದಿನಚರಿ ಈಗಲೂ ಉಳಿದಿದೆ. ಅದರಲ್ಲಿ ಭಕ್ತಿಯಷ್ಟೇ ಆಯಾಸವೂ ತುಂಬಿದೆ: ಚಳಿ, ಅನಾರೋಗ್ಯ, ನಿದ್ದೆಗೆಟ್ಟ ರಾತ್ರಿಗಳು, ನಾಚಿಯಿಂದ ಹೊಂಗೂಗೆ ಹಿಂದಿರುಗುವ ಬೆಟ್ಟದ ಹಾದಿಯಲ್ಲಿ ಎಡೆಬಿಡದೆ ಸುರಿದ ಮಳೆ. ಆ ದಿನಚರಿಯ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. ಯಾತ್ರೆಯೆಂದರೆ ಮೊದಲು ಮೈಗೆ ಆಗುವ ಅನುಭವ. ಮನಸ್ಸಿನ ಸರದಿ ಬರುವುದು ಆಮೇಲೆ.

ತಾಕಿಜಿರಿಯಿಂದ ಮೊದಲ ಏರು ಕಡಿದಾಗಿದೆ. ಮರಗಳ ಬೇರುಗಳು ನೆಲದ ಮೇಲೆ ಹೆಣೆದುಕೊಂಡು ತಾವೇ ಮೆಟ್ಟಿಲುಗಳಾಗಿವೆ, ಮಳೆ ಬಂದರೆ ಅವು ಜಾರುತ್ತವೆ. ಅಮ್ಮನ ಮೊಣಕಾಲಿಗೆ ಈ ಭಾಗ ಆಗುವಂಥದ್ದಲ್ಲವಾದ್ದರಿಂದ ಅದನ್ನು ನಾನೊಬ್ಬಳೇ ನಡೆದೆ. ಇಬ್ಬರೂ ಜೊತೆಯಾಗಿ ನಡೆದದ್ದು ಹೊಶ್ಶಿನ್‌ಮೊನ್‌ನಿಂದ ಹೊಂಗೂವರೆಗಿನ ಸುಮಾರು ಏಳು ಕಿಲೋಮೀಟರ್ ದಾರಿ. ಹೆಚ್ಚು ಇಳಿಜಾರೇ ಇರುವ ಈ ಹಾದಿ ಚಹಾ ತೋಟಗಳ, ಗದ್ದೆಗಳ, ಕೆಲವೇ ಮನೆಗಳಿರುವ ಹಳ್ಳಿಗಳ ನಡುವೆ ಸಾಗುತ್ತದೆ. ಹಳ್ಳಿಗಳಲ್ಲಿ ಯುವಕರು ಅಪರೂಪ. ಮನೆಗಳ ಮುಂದೆ ಮರದ ಚಿಕ್ಕ ಕಪಾಟಿನಲ್ಲಿ ಕಿತ್ತಳೆ, ಉಪ್ಪಿನಲ್ಲಿ ಹಾಕಿದ ಉಮೆ ಎಂಬ ಹುಳಿ ಪ್ಲಮ್ ಕಾಯಿ, ಮರದಲ್ಲಿ ಕೆತ್ತಿದ ಪುಟ್ಟ ಹಕ್ಕಿಗಳನ್ನು ಇಟ್ಟಿರುತ್ತಾರೆ, ಪಕ್ಕದಲ್ಲಿ ಹಣ ಹಾಕಲು ಒಂದು ಡಬ್ಬಿ. ಕಾವಲಿಗೆ ಯಾರೂ ಇರುವುದಿಲ್ಲ. ಜಪಾನಿನ ಉಮೆ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ವಾಕಾಯಾಮಾ ಪ್ರಾಂತ್ಯದಿಂದಲೇ ಬರುತ್ತದೆ. ಉಪ್ಪುಹುಳಿ ತುಂಬಿದ ಆ ಒಂದು ಕಾಯಿ ಬಾಯಲ್ಲಿದ್ದರೆ ಏರುದಾರಿಯ ಬಾಯಾರಿಕೆ ಅರ್ಧ ತಗ್ಗುತ್ತದೆ.

ಕಾಡಿನ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಈ ದಾರಿಯ ಚಿತ್ರಗಳಲ್ಲಿ ನಾವು ನೋಡುವ ನೆಟ್ಟಗಿನ, ಸಾಲುಸಾಲಾದ ಸುಗಿ (ಜಪಾನಿ ಸೀಡರ್) ಮತ್ತು ಹಿನೊಕಿ (ಜಪಾನಿ ಸೈಪ್ರೆಸ್) ಮರಗಳಲ್ಲಿ ಬಹುಪಾಲು ಮನುಷ್ಯರು ನೆಟ್ಟವು. ಎರಡನೆಯ ಮಹಾಯುದ್ಧದ ನಂತರ ಮನೆ ಕಟ್ಟಲು ಮರ ಬೇಕೆಂದು ಜಪಾನ್ ದೇಶದಾದ್ಯಂತ ಇವುಗಳನ್ನು ನೆಟ್ಟಿತು. ಆ ದೇಶದ ಅರಣ್ಯದಲ್ಲಿ ಸುಮಾರು ಶೇ. 40ರಷ್ಟು ಇಂಥ ನೆಡುತೋಪು. ಹೊರದೇಶದ ಅಗ್ಗದ ಮರ ಬರತೊಡಗಿದ ಮೇಲೆ ಅನೇಕ ತೋಪುಗಳನ್ನು ಸವರಿ ಬೆಳಕು ಬಿಡುವವರೂ ಇಲ್ಲವಾದರು. ಅಂಥ ಕಡೆ ನೆಲ ಕತ್ತಲಾಗಿದೆ, ಗಿಡಗಂಟಿ ಇಲ್ಲ, ಹಕ್ಕಿಯ ದನಿಯೂ ಕಡಿಮೆ. ಈ ನಾಡಿನ ಮೂಲ ಕಾಡು ಬೇರೆ ಬಗೆಯದು: ಎಲೆ ಉದುರಿಸದ ಓಕ್ ಜಾತಿಯ ಮರಗಳು, ಕರ್ಪೂರದ ಮರ, ಹೊಳೆಯುವ ದಪ್ಪ ಎಲೆಗಳ ಹಸಿರು ಗೋಡೆ. ಅದು ಉಳಿದಿರುವುದು ಮುಖ್ಯವಾಗಿ ಗುಡಿಗಳ ಸುತ್ತಲಿನ ದೇವರಕಾಡುಗಳಲ್ಲಿ.

ಅದು ಅಷ್ಟಾದರೂ ಉಳಿಯಲು ತಾನಾಬೆಯಲ್ಲಿ ನೆಲೆಸಿದ್ದ ಒಬ್ಬ ವಿದ್ವಾಂಸರ ಹಟ ಒಂದು ಕಾರಣ. ಮಿನಾಕಾತಾ ಕುಮಾಗುಸು (1867–1941) ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ, ‘ನೇಚರ್’ ಪತ್ರಿಕೆಗೆ ಹಲವಾರು ಟಿಪ್ಪಣಿಗಳನ್ನು ಬರೆದು, ಊರಿಗೆ ಮರಳಿ ಲೋಳೆ ಶಿಲೀಂಧ್ರಗಳ ಅಧ್ಯಯನದಲ್ಲಿ ಮುಳುಗಿದ್ದರು. 1906ರಲ್ಲಿ ಸರ್ಕಾರ ಹಳ್ಳಿಯ ಸಣ್ಣ ಗುಡಿಗಳನ್ನು ದೊಡ್ಡ ಗುಡಿಗಳೊಂದಿಗೆ ವಿಲೀನಗೊಳಿಸುವ ಆಜ್ಞೆ ಹೊರಡಿಸಿತು. ಕೆಲವೇ ವರ್ಷಗಳಲ್ಲಿ ದೇಶದಲ್ಲಿ ಸುಮಾರು 70,000 ಗುಡಿಗಳು ಇಲ್ಲವಾದವು. ಗುಡಿ ಹೋದಲ್ಲಿ ಅದರ ಕಾಡನ್ನು ಕಡಿದು ಮಾರಿದರು. ಮಿನಾಕಾತಾ ಇದರ ವಿರುದ್ಧ ಪತ್ರ ಬರೆದರು, ಪತ್ರಿಕೆಗಳಲ್ಲಿ ವಾದಿಸಿದರು, 1910ರಲ್ಲಿ ಒಂದು ಸಭೆಗೆ ನುಗ್ಗಿ ಗಲಾಟೆ ಮಾಡಿದ್ದಕ್ಕೆ ಬಂಧನಕ್ಕೂ ಒಳಗಾದರು. ಕಾಡು, ನೀರು, ಹುಳುಹುಪ್ಪಟೆ, ಊರವರ ನಂಬಿಕೆ ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ, ಒಂದನ್ನು ಕಿತ್ತರೆ ಉಳಿದವೂ ಸಾಯುತ್ತವೆ ಎಂಬುದು ಅವರ ವಾದದ ತಿರುಳು. ನಾಕಾಹೆಚಿ ದಾರಿಯ ತ್ಸುಗಿಜಾಕುರಾ ಗುಡಿಯ ಬಳಿ ಅವರ ಹೋರಾಟದಿಂದ ಕೊಡಲಿಯೇಟು ತಪ್ಪಿಸಿಕೊಂಡ ಕೆಲವು ಬೃಹತ್ ಸುಗಿ ಮರಗಳಿವೆ. ಅವುಗಳ ಕೊಂಬೆಗಳೆಲ್ಲ ದಕ್ಷಿಣಕ್ಕೆ, ನಾಚಿ ಜಲಪಾತವಿರುವ ದಿಕ್ಕಿಗೆ ಚಾಚಿವೆ. ಜಲಪಾತದ ಸೆಳೆತಕ್ಕೇ ಅವು ಹಾಗೆ ಎಂಬುದು ಊರವರ ಮಾತು. ಬೆಟ್ಟದ ಇಳಿಜಾರಿನಲ್ಲಿ ಬೆಳಕಿರುವ ಕಡೆಗೆ ಕೊಂಬೆ ಬೆಳೆಯುವುದು ಸಹಜವೇ. ಆದರೂ ಅವುಗಳ ಬುಡದಲ್ಲಿ ನಿಂತು ಊರವರ ಮಾತನ್ನು ಅಲ್ಲಗಳೆಯಲು ನನಗೆ ಮನಸ್ಸಾಗಲಿಲ್ಲ.

ಹೊಂಗೂ ಇನ್ನು ಮೂರು-ನಾಲ್ಕು ಕಿಲೋಮೀಟರ್ ಇರುವಾಗ ಫುಶಿಓಗಾಮಿ ಎಂಬ ದಿಬ್ಬ ಸಿಗುತ್ತದೆ. ದಿನಗಟ್ಟಲೆ ನಡೆದು ಬಂದ ಯಾತ್ರಿಕರಿಗೆ ಕಣಿವೆಯ ಆಳದಲ್ಲಿ ಗುಡಿಯ ನೆಲೆ ಮೊದಲ ಸಲ ಕಾಣುತ್ತಿದ್ದುದು ಇಲ್ಲಿಂದ. ಕಂಡ ಕೂಡಲೇ ಅವರು ನೆಲಕ್ಕೆ ಬಿದ್ದು ನಮಸ್ಕರಿಸುತ್ತಿದ್ದರಂತೆ. ಸುಮಾರು ಸಾವಿರ ವರ್ಷಗಳ ಹಿಂದೆ ಬಾಳಿದ್ದ ಹೆಸರಾಂತ ಕವಯಿತ್ರಿ ಇಜುಮಿ ಶಿಕಿಬು ಅವರ ಐತಿಹ್ಯವೊಂದು ಈ ದಿಬ್ಬಕ್ಕೆ ಅಂಟಿಕೊಂಡಿದೆ. ಇಲ್ಲಿಗೆ ತಲುಪುವಾಗ ಅವರಿಗೆ ಮುಟ್ಟಾಯಿತು. ಇಷ್ಟು ದೂರ ಬಂದು ಗುಡಿಗೆ ಹೋಗಲಾಗದ ದುಃಖವನ್ನು ಅವರು ಒಂದು ಕವಿತೆಯಾಗಿ ಹೇಳಿಕೊಂಡರು. ಆ ರಾತ್ರಿ ಕುಮಾನೊ ದೇವತೆ ಕನಸಿನಲ್ಲಿ ಬಂದು ಕವಿತೆಯಲ್ಲೇ ಉತ್ತರ ಕೊಟ್ಟಿತು: ಮೊದಲೇ ಲೋಕದ ಧೂಳಿನಲ್ಲಿ ಬೆರೆತಿರುವ ದೇವರು ನಾನು, ನಿನ್ನ ತಿಂಗಳ ಮುಟ್ಟು ನನಗೇನು ಅಡ್ಡಿ? ಇಜುಮಿ ಮರುದಿನ ಗುಡಿಗೆ ಹೋದರು.

ಇದು ನಡೆದ ಸಂಗತಿಯೆನ್ನಲು ಆಧಾರವಿಲ್ಲ. ಹದಿನಾಲ್ಕನೆಯ ಶತಮಾನದ ಒಂದು ಕವನ ಸಂಕಲನದಲ್ಲಿ ಈ ಕವಿತೆ ಸೇರಿದೆ, ಜನ ಇದನ್ನು ಹೇಳುತ್ತಾ ಬಂದಿದ್ದಾರೆ, ಅಷ್ಟೇ. ಆದರೆ ಒಂದು ಕ್ಷೇತ್ರ ತನ್ನ ಬಗ್ಗೆ ಯಾವ ಕಥೆಯನ್ನು ಹರಡಲು ಬಯಸಿತು ಎಂಬುದೂ ಇತಿಹಾಸವೇ. ಕುಮಾನೊ ಭಿಕ್ಷುಣಿಯರು ಸ್ವರ್ಗ-ನರಕಗಳ ದೊಡ್ಡ ಚಿತ್ರಪಟಗಳನ್ನು ಮಡಚಿಕೊಂಡು ಊರೂರು ತಿರುಗಿ, ಸಂತೆ-ಸೇತುವೆಗಳ ಬಳಿ ಪಟ ಬಿಚ್ಚಿ, ಮುಖ್ಯವಾಗಿ ಹೆಂಗಸರಿಗೆ ಅರ್ಥ ಹೇಳಿ, ಯಾತ್ರೆಗೆ ಕರೆಯುತ್ತಿದ್ದರು. ಇದೇ ಪರ್ವತಶ್ರೇಣಿಯ ಉತ್ತರದಲ್ಲಿ, ಮಹಾಗುರು ಕೂಕಾಯಿ 816ರಲ್ಲಿ ಸ್ಥಾಪಿಸಿದ ಕೋಯಾಸಾನ್ ಮಠಗಳ ಊರಿನೊಳಕ್ಕೆ 1872ರವರೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅವರು ಗಡಿಯಲ್ಲಿದ್ದ ಹೆಂಗಸರ ಮಂಟಪದಿಂದಲೇ ಕೈಮುಗಿದು ಮರಳಬೇಕಿತ್ತು. ಅದೇ ವಿಶ್ವ ಪರಂಪರೆಯ ತಾಣದೊಳಗೇ ಇರುವ ಓಮಿನೆ ಪರ್ವತದ ಸಾಂಜೊಗಾತಾಕೆ ಶಿಖರದ ದಾರಿಯಲ್ಲಿ ಹೆಂಗಸರು ಇಲ್ಲಿಂದ ಮುಂದೆ ಹೋಗಬಾರದೆಂದು ಸಾರುವ ದ್ವಾರ ಇಂದಿಗೂ ನಿಂತಿದೆ. ಇವುಗಳ ನಡುವೆ ಇಟ್ಟು ನೋಡಿದಾಗ ಕುಮಾನೊದ ಕಥೆಯ ತೂಕ ತಿಳಿಯುತ್ತದೆ.

ಇಜುಮಿಯ ಕಥೆಯಿದ್ದ ಫಲಕದ ಬರಹವನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ಬಹಳ ಹೊತ್ತು ಆ ದಿಬ್ಬದ ಬೆಂಚಿನ ಮೇಲೆ ಕುಳಿತಿದ್ದರು. “ನನ್ನ ತಂಗಿ ಮದುವೆ ದಿನ ನಾನು ಹಿತ್ತಲ ಕೋಣೇಲಿ ಕೂತಿದ್ದೆ ಕಣೇ. ವಾಲಗದ ಸದ್ದು ಕೇಳ್ತಿತ್ತು, ಧಾರೆ ನೋಡಕ್ಕಾಗ್ಲಿಲ್ಲ,” ಎಂದರು. ನನಗೆ ಅದುವರೆಗೆ ಆ ಸಂಗತಿ ಗೊತ್ತಿರಲಿಲ್ಲ.

ಇದೇ ನಿಲುವನ್ನು ಇನ್ನೂ ದೂರ ಒಯ್ದವರು ಇಪ್ಪೆನ್ ಎಂಬ ಸಂಚಾರಿ ಸನ್ಯಾಸಿ. ಅಮಿತಾಭ ಬುದ್ಧನ ನಾಮವನ್ನು ಅಚ್ಚೊತ್ತಿದ ಚೀಟಿಗಳನ್ನು ಜನರಿಗೆ ಹಂಚುತ್ತಾ 1274ರಲ್ಲಿ ಅವರು ಕುಮಾನೊ ದಾರಿಯಲ್ಲಿ ಬರುತ್ತಿದ್ದಾಗ ಎದುರಾದ ಒಬ್ಬ ಭಿಕ್ಷು, ನನ್ನಲ್ಲಿ ಶ್ರದ್ಧೆ ಹುಟ್ಟುತ್ತಿಲ್ಲ, ಸುಳ್ಳಿಗೆ ಇದನ್ನು ತೆಗೆದುಕೊಳ್ಳಲಾರೆ ಎಂದುಬಿಟ್ಟರು. ಇಪ್ಪೆನ್ ತಬ್ಬಿಬ್ಬಾದರು, ಹೊಂಗೂ ಗುಡಿಯಲ್ಲಿ ಪ್ರಾರ್ಥಿಸಿದರು. ದೇವತೆ ಬೆಟ್ಟದ ತಪಸ್ವಿಯ ರೂಪದಲ್ಲಿ ಕಾಣಿಸಿಕೊಂಡು, ನಂಬುವವರೋ ನಂಬದವರೋ ಎಂದು ಆರಿಸಬೇಡ, ಶುದ್ಧರೋ ಅಶುದ್ಧರೋ ಎಂದು ಹೇಸಬೇಡ, ಚೀಟಿ ಹಂಚುತ್ತಾ ಹೋಗು ಎಂದಿತಂತೆ. ಇಪ್ಪೆನ್ ಪಂಥದ ಹುಟ್ಟನ್ನು ಅವರ ಅನುಯಾಯಿಗಳು ಗುರುತಿಸುವುದು ಈ ದರ್ಶನದಿಂದ.

ಇಪ್ಪೆನ್ ನಿಂತಿದ್ದ ಗುಡಿ ಈಗಿರುವ ಗುಡಿಯ ಜಾಗದಲ್ಲಿರಲಿಲ್ಲ. ಹೊಂಗೂ ಗುಡಿ ಶತಮಾನಗಳ ಕಾಲ ಇದ್ದದ್ದು ನದಿಗಳು ಕೂಡುವಲ್ಲಿನ ಓಯುನೊಹಾರಾ ಎಂಬ ಮರಳುದಿಬ್ಬದ ಮೇಲೆ. ಹಿಂದಿನ ಕಾಲದಲ್ಲಿ ಸೇತುವೆ ಇರಲಿಲ್ಲ. ದೇವರ ಬಳಿಗೆ ಹೋಗುವವರು ಹೊಳೆಯಲ್ಲಿ ಇಳಿದು, ಒದ್ದೆಯಾಗಿಯೇ ದಾಟಬೇಕಿತ್ತು. 1889ರ ಆಗಸ್ಟ್ ತಿಂಗಳ ಮಹಾಮಳೆಗೆ ಬಂದ ಪ್ರವಾಹದಲ್ಲಿ ಗುಡಿಯ ಸಮುಚ್ಚಯದ ಹೆಚ್ಚಿನ ಭಾಗ ಕೊಚ್ಚಿಹೋಯಿತು. ಅದೇ ಮಳೆಗೆ ಮೇಲ್ಗಡೆಯ ತೊತ್ಸುಕಾವಾ ಕಣಿವೆಯಲ್ಲಿ ಬೆಟ್ಟಗಳು ಕುಸಿದು ಮನೆಮಠ ಕಳೆದುಕೊಂಡ ಸುಮಾರು 2,500 ಜನ ಉತ್ತರದ ಹೊಕ್ಕೈಡೊ ದ್ವೀಪಕ್ಕೆ ವಲಸೆ ಹೋಗಿ ಹೊಸ ತೊತ್ಸುಕಾವಾ ಎಂಬ ಊರನ್ನೇ ಕಟ್ಟಿಕೊಂಡರು. ಉಳಿದ ಕಟ್ಟಡಗಳನ್ನು 1891ರಲ್ಲಿ ಎತ್ತರದ ದಿಣ್ಣೆಗೆ ಸಾಗಿಸಿ ಮತ್ತೆ ಜೋಡಿಸಿದರು. ಸೈಪ್ರೆಸ್ ಮರದ ತೊಗಟೆ ಹೊದಿಸಿದ ಅವುಗಳ ದಪ್ಪ ಮಾಡುಗಳನ್ನು, ಬಣ್ಣ ಬಳಿಯದ ಕಂಬಗಳನ್ನು ಈಗ ಕಾಣುವುದು ಅಲ್ಲಿಯೇ, 158 ಮೆಟ್ಟಿಲು ಹತ್ತಿದ ಮೇಲೆ.

ಹಳೆಯ ನೆಲೆಗೆ ಹೋಗುವ ದಾರಿಯಲ್ಲಿ 2000ನೇ ಇಸವಿಯಲ್ಲಿ 33.9 ಮೀಟರ್ ಎತ್ತರದ ಉಕ್ಕಿನ ಮಹಾದ್ವಾರವನ್ನು ನಿಲ್ಲಿಸಿದ್ದಾರೆ. ಗದ್ದೆಗಳ ನಡುವೆ ಅದು ಬಹು ದೂರಕ್ಕೆ ಕಾಣುತ್ತದೆ, ಎಲ್ಲರೂ ಚಿತ್ರ ತೆಗೆಯುವುದು ಅದರದ್ದೇ. ನನಗೆ ಅದಕ್ಕಿಂತ ಆಪ್ತವಾದದ್ದು ಅದರ ಹಿಂದಿನ ಹುಲ್ಲುಗಾವಲು. ಎತ್ತರದ ಮರಗಳ ನಡುವೆ ಹಳೆಯ ಅಡಿಪಾಯದ ಕಲ್ಲುಗಳಿವೆ, ಎರಡು ಪುಟ್ಟ ಕಲ್ಲಿನ ಗುಡಿಗಳಿವೆ, ಬೇರೇನೂ ಇಲ್ಲ. ಒಂದು ನಾಡಿನ ಅತಿ ದೊಡ್ಡ ಯಾತ್ರಾಸ್ಥಳದ ಗರ್ಭವನ್ನು ನದಿ ತೆಗೆದುಕೊಂಡು ಹೋದಾಗ ಅಲ್ಲಿ ಮತ್ತೆ ಕಟ್ಟದೆ ಜಾಗವನ್ನು ಬರಿದಾಗಿ ಬಿಟ್ಟವರ ವಿವೇಕಕ್ಕೆ ನಾನು ತಲೆಬಾಗುತ್ತೇನೆ. 2011ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಈ ಕಣಿವೆ ಮತ್ತೆ ಮುಳುಗಿತು.

ಹೊಂಗೂವಿನಿಂದ ಬೆಟ್ಟವೊಂದನ್ನು ದಾಟಿದರೆ ಯುನೊಮಿನೆ. ಹಳೆಯ ಯಾತ್ರಿಕರು ಹೊಂಗೂ ಗುಡಿಗೆ ಹೋಗುವ ಮುಂಚೆ ಇಲ್ಲಿನ ಬಿಸಿನೀರಿನಲ್ಲಿ ಶುದ್ಧಿಸ್ನಾನ ಮಾಡುತ್ತಿದ್ದರು. ಅಷ್ಟು ದಿನದ ತಣ್ಣೀರ ವ್ರತದ ಕೊನೆಗೆ ಬಿಸಿನೀರು. ಕಿರಿದಾದ ಕಣಿವೆ, ನಡುವೆ ಒಂದು ತೊರೆ, ಎರಡೂ ದಂಡೆಗಳಲ್ಲಿ ಒತ್ತೊತ್ತಾಗಿ ವಸತಿಗೃಹಗಳು, ಎಲ್ಲೆಡೆ ಗಂಧಕದ ವಾಸನೆ. ತೊರೆಯ ದಂಡೆಯ ಟೋಕೊ-ಜಿ ಗುಡಿಯಲ್ಲಿರುವ ಭೈಷಜ್ಯ ಗುರುವಿನ, ಅಂದರೆ ರೋಗ ಗುಣಪಡಿಸುವ ಬುದ್ಧನ, ಮೂರ್ತಿಯನ್ನು ಕೆತ್ತಿದವರಿಲ್ಲ. ಬುಗ್ಗೆಯ ಖನಿಜ ಶತಮಾನಗಳಿಂದ ಗಟ್ಟಿಯಾಗಿ ತಾನೇ ಆ ಆಕಾರ ತಳೆಯಿತೆಂದೂ, ಮೊದಲು ಅದರ ಎದೆಯಿಂದಲೇ ಬಿಸಿನೀರು ಚಿಮ್ಮುತ್ತಿತ್ತೆಂದೂ ಹೇಳುತ್ತಾರೆ. ತೊರೆಯೊಳಗೇ, ಬಂಡೆಗಳ ನಡುವೆ, ಹಲಗೆಯ ಪುಟ್ಟ ಗುಡಿಸಲು ಕಟ್ಟಿದ ತ್ಸುಬೊಯು ಎಂಬ ಕೊಳವಿದೆ. ಎರಡು-ಮೂರು ಜನಕ್ಕೆ ಮಾತ್ರ ಜಾಗ, ಒಂದು ಸರದಿಗೆ ಮೂವತ್ತು ನಿಮಿಷ, ಸಂಖ್ಯೆಯ ಬಿಲ್ಲೆ ಪಡೆದು ಕಾಯಬೇಕು. ನೀರಿನ ಬಣ್ಣ ದಿನಕ್ಕೆ ಏಳು ಬಾರಿ ಬದಲಾಗುತ್ತದೆ ಎನ್ನುತ್ತಾರೆ. ನಾವು ಇಳಿದಾಗ ಅದು ತಿಳಿ ಹಾಲಿನಂತೆ ಬೆಳ್ಳಗಿತ್ತು. ಪಾದದಡಿಯ ಗರಸಿನ ನಡುವಿನಿಂದ ಬಿಸಿನೀರು ಒಸರುವುದು ಅಂಗಾಲಿಗೆ ತಿಳಿಯುತ್ತಿತ್ತು. ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದೂ ಇಂದಿಗೂ ಜನ ಇಳಿದು ಮೀಯುವ ಬುಗ್ಗೆ ಇದು.

ಈ ಕೊಳದ ಕಥೆ ಓಗುರಿಯದು. ಮಧ್ಯಯುಗದ ಕಥೆಗಾರರು ಬೀದಿಗಳಲ್ಲಿ ಹಾಡಿ ಹೇಳುತ್ತಿದ್ದ ಈ ಕಥೆಯಲ್ಲಿ ಓಗುರಿ ಎಂಬ ಯೋಧನನ್ನು ಅವನ ಹೆಂಡತಿ ತೆರುತೆಯ ತವರಿನವರು ವಿಷವಿಟ್ಟು ಕೊಲ್ಲುತ್ತಾರೆ. ಸತ್ತವರ ನ್ಯಾಯ ಮಾಡುವ ಎನ್‌ಮಾ, ಅಂದರೆ ನಮ್ಮ ಯಮನೇ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದವನು, ಅವನನ್ನು ಭೂಮಿಗೆ ಮರಳಿಸುತ್ತಾನೆ. ಆದರೆ ಬರುವಾಗ ಅವನಿಗೆ ಕಣ್ಣಿಲ್ಲ, ಕಿವಿಯಿಲ್ಲ, ಮಾತಿಲ್ಲ, ಎಲುಬಿನ ಗೂಡಾಗಿದ್ದಾನೆ. ಕುಮಾನೊದ ಬಿಸಿನೀರಿನಲ್ಲಿ ಇವನನ್ನು ಮೀಯಿಸಿ ಎಂಬ ಯಮನ ಬರಹ ಅವನ ಜೊತೆಗಿದೆ. ಸನ್ಯಾಸಿಯೊಬ್ಬರು ಅವನನ್ನು ಒಂದು ಬಂಡಿಯ ಮೇಲೆ ಕೂರಿಸಿ, ಒಂದು ಸಲ ಎಳೆದವರಿಗೆ ಸಾವಿರ ಭಿಕ್ಷುಗಳಿಗೆ ಉಣಿಸಿದ ಪುಣ್ಯವೆಂದು ಬರೆದು ಕಟ್ಟುತ್ತಾರೆ. ಗುರುತು ಪರಿಚಯ ಇಲ್ಲದವರು ತಮ್ಮ ತಮ್ಮ ದೂರ ಎಳೆದು ಮುಂದಿನವರ ಕೈಗೆ ಒಪ್ಪಿಸುತ್ತಾ ಹೋಗುತ್ತಾರೆ. ಗುಲಾಮಳಾಗಿ ಮಾರಾಟವಾಗಿದ್ದ ತೆರುತೆಯೂ ಅವನು ತನ್ನ ಗಂಡನೆಂದು ತಿಳಿಯದೆ, ಧಣಿಯಿಂದ ಐದು ದಿನದ ಬಿಡುವು ಬೇಡಿ ಎಳೆಯುತ್ತಾಳೆ. ಕೊನೆಗೆ ಅವನು ಈ ಕೊಳ ಸೇರುತ್ತಾನೆ. ಏಳು ದಿನಕ್ಕೆ ಕಣ್ಣು ತೆರೆಯುತ್ತದೆ, ಹದಿನಾಲ್ಕು ದಿನಕ್ಕೆ ಕಿವಿ ಕೇಳುತ್ತದೆ, ಇಪ್ಪತ್ತೊಂದು ದಿನಕ್ಕೆ ಮಾತು ಬರುತ್ತದೆ, ನಲವತ್ತೊಂಬತ್ತನೆಯ ದಿನ ಅವನು ಮೊದಲಿನ ಆಳು. ಇದನ್ನು ಊರೂರಿಗೆ ಹರಡಿದವರಲ್ಲಿ ಇಪ್ಪೆನ್ ಪಂಥದವರೂ ಇದ್ದರೆಂಬುದು ಆಶ್ಚರ್ಯವಲ್ಲ. ಮೈ ಕೊಳೆತ ರೋಗಿಗಳನ್ನು ಊರು ಹೊರಗಿಡುತ್ತಿದ್ದ ಕಾಲದಲ್ಲಿ, ಅಂಥವರೇ ನಿಜವಾಗಿ ಬಂಡಿಗಳಲ್ಲಿ ಕುಮಾನೊ ಕಡೆಗೆ ಬರುತ್ತಿದ್ದ ಕಾಲದಲ್ಲಿ, ಈ ಕಥೆ ಅವರನ್ನು ಮುಟ್ಟಿ ಎಳೆಯುವುದೇ ಪುಣ್ಯವೆಂದಿತು.

ಅಮ್ಮನಿಗೆ ತ್ಸುಬೊಯುಗಿಂತ ಕಷ್ಟವಾದದ್ದು ಊರಿನ ಸಾರ್ವಜನಿಕ ಸ್ನಾನಗೃಹ. ಹೆಂಗಸರ ವಿಭಾಗ ಬೇರೆಯೇ ಇದ್ದರೂ ಬಟ್ಟೆ ಪೂರ್ತಿ ತೆಗೆಯಬೇಕು, ಮೊದಲು ಪುಟ್ಟ ಮಣೆಯ ಮೇಲೆ ಕೂತು ಮೈ ತೊಳೆದುಕೊಳ್ಳಬೇಕು, ಆಮೇಲಷ್ಟೇ ತೊಟ್ಟಿಗೆ ಇಳಿಯಬೇಕು, ಕೈವಸ್ತ್ರವೂ ನೀರಿಗೆ ತಾಗಬಾರದು. ಇಲ್ಲಿ ಎರಡು ಬಗೆ ಇದೆ. ಔಷಧಿ ಸ್ನಾನವೆಂದು ಕರೆಯುವ ಒಂದು ಕೋಣೆಯಲ್ಲಿ ಬುಗ್ಗೆಯ ನೀರಿಗೆ ತಣ್ಣೀರು ಬೆರೆಸುವುದಿಲ್ಲ, ಸೋಪನ್ನೂ ಬಳಸುವಂತಿಲ್ಲ. ಅಮ್ಮ ಬಾಗಿಲಲ್ಲೇ ಹಿಂಜರಿದು ನಿಂತಿದ್ದಾಗ ಒಳಗಿದ್ದ ಊರಿನ ಅಜ್ಜಿಯೊಬ್ಬರು ಎದ್ದು ಬಂದು, ಮರದ ಬೋಗುಣಿಯಲ್ಲಿ ನೀರು ತುಂಬಿ, ಮೊದಲು ಅಮ್ಮನ ಪಾದಕ್ಕೆ, ಆಮೇಲೆ ಮಂಡಿಗೆ, ಕೊನೆಗೆ ಹೆಗಲಿಗೆ ಹುಯ್ದರು. ಬಿಸಿಗೆ ಮೈ ಒಗ್ಗಿಸುವ ಕ್ರಮ ಅದು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಮ್ಮ “ಸಾಕು ತಾಯಿ, ಸಾಕು” ಎನ್ನುತ್ತಾ ನಗುತ್ತಾ ನೀರಿಗಿಳಿದರು. ಕುತ್ತಿಗೆವರೆಗೂ ಮುಳುಗಿ, “ದೀಪಾವಳಿ ಎಣ್ಣೆಸ್ನಾನಕ್ಕೆ ಎರಡು ಹಂಡೆ ಕಾಯಿಸಿದ್ರೂ ಈ ಸುಖ ಬರಲ್ಲ ಕಣೇ” ಎಂದರು.

ತೊರೆಯ ಪಕ್ಕದಲ್ಲಿ ಸುಮಾರು 90 ಡಿಗ್ರಿ ಸೆಲ್ಸಿಯಸ್ ನೀರು ಕುದಿಯುವ ಇನ್ನೊಂದು ಹೊಂಡವಿದೆ, ಅದು ಅಡುಗೆಗೆ. ಅಂಗಡಿಯಲ್ಲಿ ಬಲೆಚೀಲದಲ್ಲಿ ಮೊಟ್ಟೆ, ಗೆಣಸು, ಸೊಪ್ಪು ಕೊಂಡು, ಚೀಲದ ಹಗ್ಗವನ್ನು ಕಂಬಿಗೆ ಕಟ್ಟಿ ಇಳಿಬಿಡುತ್ತಾರೆ. ಗಂಧಕದ ನಸುವಾಸನೆ ಹತ್ತಿದ ಬಿಸಿ ಗೆಣಸು ನಮ್ಮ ಆ ಸಂಜೆಯ ಊಟದ ಒಳ್ಳೆಯ ಭಾಗ. ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿದೆ, ಏಕೆಂದರೆ ತರಕಾರಿಯ ಸಾರಿನಲ್ಲೂ ಒಣಮೀನಿನ ರಸವಿರುತ್ತದೆ. ವಸತಿಗೃಹಕ್ಕೆ ಮುಂಚೆಯೇ ಬರೆದು ತಿಳಿಸಿದರೆ ಬುಗ್ಗೆಯ ನೀರಿನಲ್ಲೇ ಬೇಯಿಸಿದ ಅನ್ನದ ಗಂಜಿ, ಉಮೆ, ಸೋಯಾ ಗಿಣ್ಣು ಕೊಡುತ್ತಾರೆ.

ಈ ಪರ್ಯಾಯ ದ್ವೀಪದಲ್ಲಿ ಜೀವಂತ ಜ್ವಾಲಾಮುಖಿ ಒಂದೂ ಇಲ್ಲ. ಹಾಗಿದ್ದೂ ನೀರು ಇಷ್ಟು ಬಿಸಿ ಹೇಗೆ ಎಂಬುದು ಭೂವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ. ಫಿಲಿಪ್ಪೀನ್ ಸಾಗರದ ಭೂಫಲಕ ಇಲ್ಲಿ ಜಪಾನಿನ ಅಡಿಗೆ ನುಗ್ಗುತ್ತಿದೆ. ಆಳಕ್ಕೆ ಹೋದಂತೆ ಅದರ ಕಲ್ಲುಗಳಿಂದ ನೀರು ಹಿಂಡಿ ಹೊರಬಂದು ಬಿರುಕುಗಳ ಮೂಲಕ ಮೇಲೇರುತ್ತದೆ ಎಂಬುದು ಈಗ ಬಲವಾಗಿರುವ ವಿವರಣೆ. ಸುಮಾರು 1.4 ಕೋಟಿ ವರ್ಷಗಳ ಹಿಂದೆ ಇಲ್ಲಿ ಭಾರೀ ಅಗ್ನಿಶಿಲೆಗಳು ಮೇಲೆದ್ದವು. ನಾಚಿ ಜಲಪಾತ ಧುಮುಕುವ ಗೋಡೆಯೂ ಆ ಶಿಲೆಯದೇ. ಬುಗ್ಗೆಯೂ ಜಲಪಾತವೂ ಒಂದೇ ಭೂಚರಿತ್ರೆಗೆ ಸೇರಿದವು ಎಂದು ತಿಳಿದಾಗ ನನಗಾದ ಸಂತೋಷ ಭಕ್ತಿಗೆ ಬಹಳ ಹತ್ತಿರದ್ದು.

ಹೊಂಗೂವಿನಿಂದ ಹಿಂದಿನವರು ಕುಮಾನೊ ನದಿಯಲ್ಲಿ ದೋಣಿ ಹಿಡಿದು ಸಮುದ್ರದ ಬಳಿಯ ಶಿಂಗೂ ಊರಿನ ಹಾಯಾತಾಮಾ ಗುಡಿಗೆ ಇಳಿಯುತ್ತಿದ್ದರು. ನದಿಯೇ ಯಾತ್ರೆಯ ದಾರಿಯೆಂದು ಅದೂ ಪರಂಪರೆಯ ಪಟ್ಟಿಯಲ್ಲಿದೆ. ನಾವು ಬಸ್ಸಿನಲ್ಲಿ ಹೋದೆವು. ಶಿಂಗೂವಿನ ಕಾಮಿಕುರಾ ಬೆಟ್ಟದ ತುದಿಯಲ್ಲಿ ಹೆಬ್ಬಂಡೆಯೇ ದೇವರು. ಪ್ರತಿ ಫೆಬ್ರವರಿ 6ರ ರಾತ್ರಿ ಬಿಳಿಯುಡುಗೆಯ ಗಂಡಸರು ಪಂಜು ಹಿಡಿದು ಅಲ್ಲಿನ ಕಡಿದಾದ 538 ಮೆಟ್ಟಿಲುಗಳನ್ನು ಓಡಿ ಇಳಿಯುವ ಉತ್ಸವದಲ್ಲಿ ಹೆಂಗಸರಿಗೆ ಜಾಗವಿಲ್ಲ. ಕುಮಾನೊ ತನ್ನ ಮಾತನ್ನು ಎಲ್ಲ ಕಡೆಯೂ ಉಳಿಸಿಕೊಂಡಿಲ್ಲ ಎಂಬುದನ್ನೂ ಹೇಳದಿದ್ದರೆ ಈ ಬರಹ ಅಪೂರ್ಣ.

ನಾಚಿಯಲ್ಲಿ ಜಲಪಾತದ ಎದುರಿಗೆ ದ್ವಾರವಿದೆ, ಪೂಜೆಯ ಜಾಗವಿದೆ, ಗರ್ಭಗುಡಿ ಇಲ್ಲ. ಬೀಳುವ ನೀರೇ ದೇವರಾದ್ದರಿಂದ ಅದನ್ನು ಯಾವ ಕೋಣೆಯಲ್ಲಿಡುವುದು? ಮೇಲೆ ಶಿಂಟೊ ದೇವತೆಗಳ ನಾಚಿ ಮಹಾಗುಡಿಯೂ ಸೇಗಾಂತೊ-ಜಿ ಬೌದ್ಧ ಗುಡಿಯೂ ಅಕ್ಕಪಕ್ಕದಲ್ಲೇ ಇವೆ. ಹೊಂಗೂವಿನ ದೇವತೆ ಅಮಿತಾಭ, ಹಾಯಾತಾಮಾದ್ದು ಭೈಷಜ್ಯ ಗುರು, ನಾಚಿಯದು ಕರುಣೆಯ ಬೋಧಿಸತ್ವನಾದ ಸಾವಿರ ಕೈಗಳ ಅವಲೋಕಿತೇಶ್ವರ ಎಂದು ಜನ ಸುಮಾರು ಸಾವಿರ ವರ್ಷ ಎರಡನ್ನೂ ಬೆರೆಸಿಯೇ ಪೂಜಿಸಿದ್ದರು. 1868ರಲ್ಲಿ ಹೊಸ ಮೇಜಿ ಸರ್ಕಾರ ದೇವತೆಗಳನ್ನೂ ಬುದ್ಧರನ್ನೂ ಬೇರ್ಪಡಿಸಲು ಆಜ್ಞೆ ಮಾಡಿತು. ಇಲ್ಲಿನ ಬೌದ್ಧ ಗುಡಿ ಬರಿದಾಗಿ ಕೆಲವು ವರ್ಷಗಳ ನಂತರವಷ್ಟೇ ಮತ್ತೆ ಜೀವ ಪಡೆಯಿತು. ಈ ಗುಡಿಯ ಮೂಲಪುರುಷ ಭಾರತದಿಂದ ಹಡಗು ಒಡೆದು ಈ ದಡಕ್ಕೆ ಬಂದು ಬಿದ್ದ ರಾಗ್ಯೊ ಎಂಬ ಸನ್ಯಾಸಿ, ಜಲಪಾತದಡಿ ತಪಸ್ಸು ಮಾಡುವಾಗ ಅವರಿಗೆ ಅವಲೋಕಿತೇಶ್ವರನ ಪುಟ್ಟ ಮೂರ್ತಿ ಸಿಕ್ಕಿತು ಎಂಬುದು ಇಲ್ಲಿನ ಐತಿಹ್ಯ.

ಬೆಟ್ಟ ಇಳಿದು ಕಡಲತೀರಕ್ಕೆ ಬಂದರೆ ಫುದಾರಾಕುಸಾನ್-ಜಿ ಎಂಬ ಸಣ್ಣ ಗುಡಿಯಿದೆ. ಅವಲೋಕಿತೇಶ್ವರನ ನೆಲೆಯಾದ ಪೋತಲಕ ಪರ್ವತ ದಕ್ಷಿಣದ ಸಾಗರದಾಚೆ ಇದೆಯೆಂದು ನಂಬಿ, 868ರಿಂದ 1722ರವರೆಗೆ ಇಲ್ಲಿಂದ ಸನ್ಯಾಸಿಗಳು ದೋಣಿಯೇರಿ ಹೊರಟರು. ದೋಣಿಯ ಮೇಲಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಅವರು ಕುಳಿತ ಮೇಲೆ ಹೊರಗಿನಿಂದ ಮೊಳೆ ಹೊಡೆಯುತ್ತಿದ್ದರು. ಒಳಗೆ ಸುಮಾರು ಒಂದು ತಿಂಗಳ ಆಹಾರ, ದೀಪಕ್ಕೆ ಎಣ್ಣೆ. ಜೊತೆಯ ದೋಣಿ ಒಂದಿಷ್ಟು ದೂರ ಎಳೆದೊಯ್ದು ಹಗ್ಗ ಕತ್ತರಿಸುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಕೊಂಕೊಬೊ ಎಂಬ ಸನ್ಯಾಸಿ ಕೋಣೆ ಒಡೆದು ಹೊರಬಂದಾಗ ಬೆಂಗಾವಲಿನವರು ಅವರನ್ನು ಹಿಡಿದು ಸಮುದ್ರಕ್ಕೆ ತಳ್ಳಿದರೆಂದೂ, ಅನಂತರ ಬದುಕಿದ್ದವರನ್ನು ಕಳಿಸುವುದು ನಿಂತು, ತೀರಿಕೊಂಡ ಮಠಾಧಿಪತಿಗಳ ದೇಹವನ್ನಷ್ಟೇ ಹೀಗೆ ತೇಲಿಬಿಡುವ ಪದ್ಧತಿ ಬಂತೆಂದೂ ಹೇಳುತ್ತಾರೆ. ಗುಡಿಯ ಆವರಣದಲ್ಲಿ ಅಂಥ ದೋಣಿಯ ಪ್ರತಿಕೃತಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಕೆಂಪು ದ್ವಾರಗಳು, ನಡುವೆ ಆ ಕಿಟಕಿಯಿಲ್ಲದ ಕೋಣೆ. ನೋಡುತ್ತಾ ನಿಂತಾಗ ನನಗೆ ಉಸಿರು ಕಟ್ಟಿದಂತಾಯಿತು. ಯುನೊಮಿನೆಯ ನೀರು ಓಗುರಿಗೆ ಮೈಯನ್ನು ಮರಳಿ ಕೊಟ್ಟಿತು. ಇಲ್ಲಿನ ನೀರು ಮೈಯನ್ನು ತೆಗೆದುಕೊಂಡಿತು. ಇವೆರಡೂ ಕುಮಾನೊವೇ, ಆದರೆ ನನ್ನ ಮನಸ್ಸು ಬಂಡಿ ಎಳೆದವರ ಕಡೆಗೇ ಇದೆ, ಮೊಳೆ ಹೊಡೆದವರ ಕಡೆಗಿಲ್ಲ.

ಆ ಸನ್ಯಾಸಿಗಳು ಅರಸಿ ಹೊರಟ ಪೋತಲಕವನ್ನು ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ದಕ್ಷಿಣ ಭಾರತದ ಮಲಯ ಪರ್ವತದ ಬಳಿ ಇರುವುದಾಗಿ ಬರೆದಿದ್ದಾರೆ. ತಮಿಳುನಾಡಿನ ಪೊದಿಗೈ ಬೆಟ್ಟವೇ ಅದೆಂದು ಹಲವು ವಿದ್ವಾಂಸರ ಮತ. ಅದೇ ಬೋಧಿಸತ್ವ ಕರಾವಳಿ ಕರ್ನಾಟಕದಲ್ಲೂ ಇದ್ದಾನೆ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ, ಆಳುಪ ಅರಸ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂಬ ಶಾಸನವಿದೆ; ಅದರ ಕಾಲ ಕ್ರಿ.ಶ. 968. ನಾಚಿಯ ತೀರದಿಂದ ದೋಣಿಗಳು ತೆರಳುತ್ತಿದ್ದ ಕಾಲವೂ ಅದೇ. ಕುಮಾನೊಗೆ ಹೋಗುವ ಕನ್ನಡಿಗರು ಜಲಪಾತ ನೋಡಿ ನೇರ ಹಿಂದಿರುಗದೆ ಈ ಸಣ್ಣ ಗುಡಿಗೂ ಒಂದು ಗಂಟೆ ಕೊಡಬೇಕೆಂಬುದು ನನ್ನ ಕೋರಿಕೆ. ಕರಾವಳಿಯ ರೈಲಿನಲ್ಲಿ ಬಂದು ನಾಚಿ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆ.